ನಾಗಪುರದ ಸೂತಿಕಾಗೃಹವೂ ಹೊಸಪೇಟೆಯ ಹೆಸರೂ

ಕನ್ನಡಿಗರ ಇತಿಹಾಸದಲ್ಲಿ ನಾಗಪುರಕ್ಕೆ ಒಂದು ಸ್ಥಾನವುಂಟು. 1920ರ ಡಿಸೆಂಬರಿನಲ್ಲಿ ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಕನ್ನಡ ನಾಡಿನಿಂದ ಸುಮಾರು 800 ಪ್ರತಿನಿಧಿಗಳು ಬಂದಿದ್ದರು. ಭಾಷೆಗೊಂದು ಪ್ರಾಂತ ಸಮಿತಿ ಇರಬೇಕೆಂಬ ನಿರ್ಧಾರ ಅಲ್ಲಿ ಆಯಿತು. ಹರಿದು ಹಂಚಿಹೋಗಿದ್ದ ನಮಗೆ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿ ದೊರೆತದ್ದು ಆ ನಿರ್ಧಾರದಿಂದ. ಇದನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ತಪ್ಪದೆ ನೆನೆಯುತ್ತೇವೆ. ಆದರೆ ಅದರ ಮರುವರ್ಷವೇ, 1921ರಲ್ಲಿ, ಇದೇ ಊರಿನಲ್ಲಿ ಯಾವ ಮೆರವಣಿಗೆಯೂ ಇಲ್ಲದೆ ಆರಂಭವಾದ ಇನ್ನೊಂದು ಕಾರ್ಯವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ಮಾತೃ ಸೇವಾ ಸಂಘದ ಸೂತಿಕಾಗೃಹ. ಅದನ್ನು ಕಟ್ಟಿದ ಇಬ್ಬರು ಮಹಿಳೆಯರಲ್ಲಿ ಒಬ್ಬರು ವೇಣುತಾಯಿ ನೇನೆ. ಇನ್ನೊಬ್ಬರು ಕಮಲಾಬಾಯಿ ಹೋಸ್ಪೇಟ್.

ಹೋಸ್ಪೇಟ್ ಎಂಬ ಮನೆತನದ ಹೆಸರನ್ನು ಕೇಳಿದ ಯಾವ ಕನ್ನಡಿಗನೂ ಒಂದು ಕ್ಷಣ ನಿಲ್ಲದೆ ಇರಲಾರ. ತುಂಗಭದ್ರೆಯ ದಡದ ನಮ್ಮ ಹೊಸಪೇಟೆಯ ಹೆಸರೇ ಅದು. ಹಾಗೆಂದು ಕಮಲಾಬಾಯಿಯವರನ್ನು ಕನ್ನಡತಿಯೆಂದು ಸಾಧಿಸಲು ನಾವು ಹೊರಟಿಲ್ಲ. ಅವರು 1896ರಲ್ಲಿ ಖಾನದೇಶದ ಶಿರಪುರದಲ್ಲಿ ಹುಟ್ಟಿದ ಮರಾಠಿ ಮನೆಯ ಮಗಳು. ಹನ್ನೆರಡನೆಯ ವಯಸ್ಸಿನಲ್ಲಿ ಗುರುರಾವ್ ಹೋಸ್ಪೇಟ್ ಎಂಬವರೊಡನೆ ಅವರ ಮದುವೆಯಾಯಿತು. ಹದಿನೈದಕ್ಕೆ ವೈಧವ್ಯ ಬಂತು. ಗಂಡನ ಮನೆಯಿಂದ ಅವರಿಗೆ ಕೊನೆಯವರೆಗೆ ಉಳಿದದ್ದು ಆ ಹೆಸರು. ಆ ಹೆಸರನ್ನು ಅವರು ಬಾಳಿಸಿದ ರೀತಿಯೇ ಈ ಲೇಖನದ ವಿಷಯ.

ಹೆರಿಗೆ, ಮುಟ್ಟು, ಬಾಣಂತನ ಇವೆಲ್ಲ ಪತ್ರಿಕೆಯಲ್ಲಿ ಬರೆಯುವ ವಿಷಯಗಳೇ ಎಂದು ನಮ್ಮಲ್ಲಿ ಕೆಲವರು ಹಿರಿಯರು ಹುಬ್ಬೇರಿಸಬಹುದು. ಮಾತನಾಡದೆ ಮುಚ್ಚಿಟ್ಟಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ತೊಟ್ಟಿಲ ಪಕ್ಕದಲ್ಲಿ ತಾಯಿ ಇಲ್ಲವಾದಳು ಎಂಬುದನ್ನು ಅವರು ದಯವಿಟ್ಟು ಆಲೋಚಿಸಬೇಕು. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಅಂದಾಜಿನಂತೆ ಆಗ ನಮ್ಮ ದೇಶದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ಮಂದಿ ತಾಯಂದಿರು ಸಾಯುತ್ತಿದ್ದರು. ಎಂದರೆ ವರ್ಷಕ್ಕೆ ಎರಡು ಲಕ್ಷ ಹೆಂಗಸರು. ಯಾವ ಯುದ್ಧವೂ ಇಲ್ಲದೆ ಪ್ರತಿ ವರ್ಷ ನಡೆಯುತ್ತಿದ್ದ ಸಂಹಾರವಿದು.

ಇದಕ್ಕೆ ಕಾರಣವೇನು? ಮನೆಯಲ್ಲೆಲ್ಲ ಅತ್ಯಂತ ಕತ್ತಲೆಯ, ಗಾಳಿಯಾಡದ ಕೋಣೆ ಹೆರಿಗೆಗೆ ಮೀಸಲಾಗಿತ್ತು. ಕೆಲವು ಕಡೆ ಅದು ದನದ ಕೊಟ್ಟಿಗೆಯ ಮೂಲೆ. ಹೆರಿಗೆಯೆಂದರೆ ಮೈಲಿಗೆ, ಆದ್ದರಿಂದ ಹಾಸಲು ಕೊಡುವುದು ಎಸೆಯಲು ತೆಗೆದಿಟ್ಟ ಹಳೆಯ ಬಟ್ಟೆ. ಸೂಲಗಿತ್ತಿಯನ್ನು ಮೈಲಿಗೆಯ ಕೆಲಸದವಳೆಂದು ದೂರವಿಟ್ಟ ಸಮಾಜ, ಅವಳಿಗೆ ಹೊಸ ತಿಳಿವಳಿಕೆ ಏನನ್ನೂ ಕಲಿಸಲಿಲ್ಲ. ಬಾಣಂತಿಗೆ ನೀರು ಕೊಟ್ಟರೆ ಶೀತವೆಂದು ಬಾಯಾರಿಸಿ ಕೆಡವುವ ಪದ್ಧತಿಯೂ ಇತ್ತು. ದೂರದ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲೇ, ಹೆರಿಗೆ ಮಾಡಿಸುವವರು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆದುಕೊಂಡರೆ ಬಾಣಂತಿ ಜ್ವರದ ಸಾವು ಹಠಾತ್ತನೆ ಇಳಿಯುವುದೆಂದು ತೋರಿಸಿಕೊಟ್ಟಿದ್ದ. ಅವನ ಸಹೋದ್ಯೋಗಿಗಳೇ ಅದನ್ನು ಬಹುಕಾಲ ಒಪ್ಪಲಿಲ್ಲ. ಮೌಢ್ಯವೆಂಬುದು ಪೂರ್ವದೇಶದವರ ಸ್ವತ್ತು ಮಾತ್ರವಲ್ಲವೆಂದು ಇದರಿಂದ ತಿಳಿಯುತ್ತದೆ.

1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಸ್ಥಾಪಿಸಿದ ನಿಧಿಯಿಂದ ದೇಶದ ಹಲವೆಡೆ ಸ್ತ್ರೀಯರ ಆಸ್ಪತ್ರೆಗಳು ಎದ್ದವು. ನಾಗಪುರದಲ್ಲಿ ಸ್ತ್ರೀಯರ ಡಾಗಾ ಆಸ್ಪತ್ರೆಯಿತ್ತು, ಸ್ಕಾಟ್ಲೆಂಡಿನ ಮಿಶನರಿಗಳ ಮ್ಯೂರ್ ಸ್ಮಾರಕ ಆಸ್ಪತ್ರೆಯಿತ್ತು. ಆದರೆ ಆಸ್ಪತ್ರೆ ಇದ್ದ ಮಾತ್ರಕ್ಕೆ ಹೆಂಗಸರು ಬರಲಿಲ್ಲ. ಜಾತಿ ಕೆಡುತ್ತದೆಂದು ಕೆಲವರು, ಪರಧರ್ಮದವರ ಕೈಯೆಂದು ಕೆಲವರು, ಗಂಡಸರ ಕಣ್ಣಿಗೆ ಬೀಳಬೇಕಾದೀತೆಂದು ಕೆಲವರು ಹಿಂಜರಿದರು. ಬಡವರ ಪಾಡಂತೂ ಹೇಳತೀರದು. 1877ರಲ್ಲಿ ಜಮಶೇಟಜಿ ಟಾಟಾ ಆರಂಭಿಸಿದ ಎಂಪ್ರೆಸ್ ಗಿರಣಿಯಿಂದಾಗಿ ಇದು ಕೂಲಿಕಾರರ ಪಟ್ಟಣವೂ ಆಗಿತ್ತು. ಹೆರಿಗೆಯ ರಜೆ ಮತ್ತು ಭತ್ಯೆ ಕೊಡಬೇಕೆಂಬ ಕಾನೂನು ಮುಂಬಯಿ ಪ್ರಾಂತದಲ್ಲಿ 1929ರಲ್ಲೂ, ನಾಗಪುರ ರಾಜಧಾನಿಯಾಗಿದ್ದ ಮಧ್ಯಪ್ರಾಂತದಲ್ಲಿ 1930ರಲ್ಲೂ ಬಂತು. ಮುಂಬಯಿಯ ಮಸೂದೆಯನ್ನು 1928ರಲ್ಲಿ ಶಾಸನಸಭೆಯಲ್ಲಿ ಬೆಂಬಲಿಸಿ ಮಾತನಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ತಾಯಿಗೆ ಹೆರಿಗೆಯ ಮುಂಚೆಯೂ ಅನಂತರವೂ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೆಂಬುದು ಅವರ ವಾದ.

ಇಂಥ ಸ್ಥಿತಿಯಲ್ಲಿ ಕಮಲಾಬಾಯಿ ಡಾಗಾ ಆಸ್ಪತ್ರೆಯಲ್ಲಿ ದಾದಿಯ ಶಿಕ್ಷಣ ಪಡೆದರು. ಬಾಲವಿಧವೆಯಾದ ಹೆಣ್ಣುಮಗಳು ಹೆರಿಗೆ ಮಾಡಿಸಲು ಕಲಿಯುವುದೆಂದರೆ ಅಂದಿನ ದಿನಗಳಲ್ಲಿ ಏನೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಸೀಮಂತಕ್ಕೆ, ನಾಮಕರಣಕ್ಕೆ ಯಾರ ಮುಖ ಎದುರಾಗಬಾರದೆಂದು ಸಮಾಜ ವಿಧಿಸಿತ್ತೋ, ಹುಟ್ಟಿದ ಕೂಸು ಕಣ್ಣು ತೆರೆದೊಡನೆ ಅವಳದೇ ಮುಖವನ್ನು ಕಾಣತೊಡಗಿತು! ಅದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ನಂಜನಗೂಡು ತಿರುಮಲಾಂಬಾ ಮತ್ತು ಆರ್. ಕಲ್ಯಾಣಮ್ಮನವರು, ಅವರೂ ಬಾಲವಿಧವೆಯರೇ, ಲೇಖನಿ ಹಿಡಿದು ಸ್ತ್ರೀಯರಿಗಾಗಿ ಪತ್ರಿಕೆ ನಡೆಸಿದರು. ಸಮಾಜ ಬೇಡವೆಂದು ಮೂಲೆಗೆ ತಳ್ಳಿದವರೇ ಸಮಾಜದ ಮನೆಯನ್ನು ಗುಡಿಸಿ ಸಾರಿಸಿದರು ಎನ್ನಬೇಕು.

ಕಮಲಾಬಾಯಿ ಮತ್ತು ವೇಣುತಾಯಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿದ ಹೆರಿಗೆ ಮನೆಯಲ್ಲಿ ಯಾವ ಪವಾಡದ ಔಷಧವೂ ಇರಲಿಲ್ಲ. ಬೆಳಕು, ಕುದಿಸಿ ಆರಿಸಿದ ನೀರು, ಒಗೆದ ಬಟ್ಟೆ, ತೊಳೆದ ಕೈ, ಹೊತ್ತಿಗೆ ಊಟ, ಕೆಲವು ದಿನದ ವಿಶ್ರಾಂತಿ, ಕಲಿತ ದಾದಿಯ ಎಚ್ಚರ ಇಷ್ಟೇ ಅದರ ಬಂಡವಾಳ. ಇದಕ್ಕಿಂತ ಮುಖ್ಯವಾಗಿ, ಬಂದವಳ ಜಾತಿ ಯಾವುದು, ಧರ್ಮ ಯಾವುದು ಎಂಬುದರ ಮೇಲೆ ಅಲ್ಲಿನ ಆರೈಕೆ ನಿಂತಿರಲಿಲ್ಲ. ಒಂದು ಮನೆಯಿಂದ ಹಲವು ಶಾಖೆಗಳು ವಿದರ್ಭದಲ್ಲಿ ಹಬ್ಬಿದವು. 1958ರಲ್ಲಿ ಸಂಘವು ಸಮಾಜ ಕಾರ್ಯದ ಕಾಲೇಜನ್ನೂ ತೆರೆಯಿತು. 1961ರಲ್ಲಿ ಕಮಲಾಬಾಯಿಯವರಿಗೆ ಪದ್ಮಶ್ರೀ ಬಂತು. ಸ್ತ್ರೀಯರ ಮತ್ತು ಮಕ್ಕಳ ಏಳಿಗೆಗಾಗಿ ಕೊಡುವ ಜಮ್ನಾಲಾಲ್ ಬಜಾಜ್ ಪ್ರಶಸ್ತಿ 1980ರಲ್ಲಿ ಬಂತು. 1981ರ ನವೆಂಬರಿನಲ್ಲಿ ಅವರು ತೀರಿಕೊಂಡರು.

ಗಾಳಿ, ಬೆಳಕು, ನೀರು, ಪಥ್ಯ ಎಂದೊಡನೆ ಓದುಗರಿಗೆ ಪ್ರಕೃತಿ ಚಿಕಿತ್ಸೆಯ ನೆನಪಾಗಬಹುದು. ಅದೂ ಈ ಸೀಮೆಗೆ ಹೊರಗಿನದಲ್ಲ. ನಾಗಪುರಕ್ಕೆ ಎರಡು ಗಂಟೆಯ ದಾರಿಯಲ್ಲಿರುವ ಸೇವಾಗ್ರಾಮಕ್ಕೆ ಗಾಂಧೀಜಿ 1936ರಲ್ಲಿ ಬಂದು ನೆಲೆಸಿದರು. ಜರ್ಮನಿಯ ಲೂಯಿ ಕೂನೆಯ ಕಟಿಸ್ನಾನ, ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಒದ್ದೆ ಬಟ್ಟೆಯ ಸುತ್ತು ಇವು ಅವರಿಗೆ ಬಹಳ ಹಿಂದಿನಿಂದ ಪ್ರಿಯವಾದ ಉಪಚಾರಗಳು. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯವನ್ನು ಕುರಿತು ಬರೆಯತೊಡಗಿದ ಪುಸ್ತಕದಲ್ಲಿ ಇವನ್ನೆಲ್ಲ ವಿವರಿಸಿದ್ದಾರೆ. ಹೆರಿಗೆಯ ವಿಷಯವೂ ಅವರಿಗೆ ಹೊಸದಲ್ಲ. 1900ರಲ್ಲಿ ಕೊನೆಯ ಮಗ ದೇವದಾಸರು ಹುಟ್ಟುವಾಗ ಸಕಾಲಕ್ಕೆ ವೈದ್ಯರೂ ದಾದಿಯೂ ಸಿಗದೆ, ಒಂದು ಗುಜರಾತಿ ಪುಸ್ತಕವನ್ನು ಓದಿ ತಿಳಿದುಕೊಂಡಿದ್ದ ಗಾಂಧೀಜಿಯೇ ಹೆರಿಗೆ ಮಾಡಿಸಿದರು. ಆತ್ಮಕಥೆಯಲ್ಲಿ ಇದನ್ನು ಅವರು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ.

ಪ್ರಕೃತಿ ಚಿಕಿತ್ಸೆಯಲ್ಲಿ ಸ್ತ್ರೀಯರಿಗೆ ಉಪಯೋಗವಾಗುವ ಅಂಶಗಳು ನಿಶ್ಚಯವಾಗಿ ಇವೆ. ಮುಟ್ಟಿನ ನೋವಿಗೆ ಕಿಬ್ಬೊಟ್ಟೆಗೆ ಶಾಖ ಕೊಡುವುದು ನಮ್ಮ ಅಜ್ಜಿಯರು ಬಲ್ಲ ಉಪಾಯ. ಅದರಿಂದ ನೋವು ತಗ್ಗುವುದೆಂದು ಇಂದಿನ ವೈದ್ಯಕೀಯ ಪರೀಕ್ಷೆಗಳೂ ಒಪ್ಪಿವೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬಾಣಂತಿಗೆ ಅಳವಿ ಪಾಯಸ, ಅಂಟಿನುಂಡಿ ಕೊಡುತ್ತಾರೆ. ನಾಗಪುರದ ನಮ್ಮ ನೆರೆಮನೆಗಳಲ್ಲಿ ಅವೇ ಅಳೀವದ ಲಾಡು, ಡಿಂಕದ ಲಾಡು ಆಗಿವೆ. ಅಳವಿಯಲ್ಲಿ ಕಬ್ಬಿಣದ ಅಂಶ ಹೇರಳವಾಗಿದೆ. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು ಆರಂಭವಾಗಿ, ಈ ಪದ್ಧತಿಗೆ ಕನ್ನಡ ನಾಡಿನಲ್ಲಿ ಕ್ರಮಬದ್ಧ ಶಿಕ್ಷಣವೂ ದೊರೆಯಿತು.

ಆದರೆ ಅದಕ್ಕೆ ಮೇರೆಯೂ ಉಂಟು. ಹೆರಿಗೆಯ ಅನಂತರ ರಕ್ತ ಧಾರೆಯಾಗಿ ಹರಿಯುವಾಗ, ಮಗು ಅಡ್ಡಬಿದ್ದಾಗ, ನಂಜು ಏರಿದಾಗ ಮಣ್ಣಿನ ಪಟ್ಟಿಯಿಂದ ಜೀವ ಉಳಿಯದು. ಗಾಂಧೀಜಿಯೂ 1924ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸೇವಾಗ್ರಾಮದಲ್ಲಿ ಡಾ. ಸುಶೀಲಾ ನಯ್ಯರ್ ಕಟ್ಟಿ ಬೆಳೆಸಿದ ಕಸ್ತೂರಬಾ ಆಸ್ಪತ್ರೆಯ ಜೊತೆಗೆ 1969ರಲ್ಲಿ ವೈದ್ಯಕೀಯ ಕಾಲೇಜೂ ಬಂತು. ಆಶ್ರಮದ ಮಣ್ಣಿನ ಪಟ್ಟಿಗೂ ಆಸ್ಪತ್ರೆಯ ಶಸ್ತ್ರಕ್ಕೂ ಒಂದೇ ಊರಿನಲ್ಲಿ ಎಡೆಯಾಯಿತು. ಯಾವುದು ಯಾವಾಗ ಬೇಕೆಂದು ತಿಳಿದಿರುವುದೇ ವಿವೇಕ.

ಮದ್ದು ಯಾವ ಪದ್ಧತಿಯದೇ ಇರಲಿ, ಅದು ಹೆಂಗಸಿನ ಬಳಿಗೆ ತಲುಪಿತೇ ಎಂಬುದು ಮೊದಲನೆಯ ಪ್ರಶ್ನೆ. ಈ ಮಾತಿಗೆ ವಿದರ್ಭದಿಂದಲೇ ಆಧಾರ ದೊರೆಯುತ್ತದೆ. ನಾಗಪುರದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ರಾಣಿ ಬಂಗ್ ಮತ್ತು ಅವರ ಪತಿ ಡಾ. ಅಭಯ ಬಂಗ್ ಅವರು ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಮಂದಿ ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಗರ್ಭಕೋಶ ಮತ್ತು ಜನನಾಂಗಕ್ಕೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇತ್ತು. ಅದಕ್ಕೆ ಮೊದಲು ಅಂಥ ತಪಾಸಣೆ ಆಗಿದ್ದುದು ನೂರಕ್ಕೆ 8 ಮಂದಿಗೆ ಮಾತ್ರ. ಅದೇ ಜಿಲ್ಲೆಯ ಮಾಡಿಯಾ ಗೊಂಡರ ಹಳ್ಳಿಗಳಲ್ಲಿ ಮುಟ್ಟಾದವರನ್ನು ಊರಂಚಿನ ಗುಡಿಸಿಲಿನಲ್ಲಿ ಇರಿಸುವ ಪದ್ಧತಿಯೂ ಇದೆ.

ಮಾಡಿಯಾ ಗೊಂಡರನ್ನು ನೋಡಿ ನಾವು ಮೂಗು ಮುರಿಯಬೇಕಾಗಿಲ್ಲ. 2023ರಲ್ಲಿ ನಮ್ಮ ತುಮಕೂರಿನ ಬಳಿಯ ಒಂದು ಗೊಲ್ಲರಹಟ್ಟಿಯಲ್ಲಿ, ಮೈಲಿಗೆಯೆಂದು ಬಾಣಂತಿಯನ್ನು ಹಸುಗೂಸಿನೊಡನೆ ಊರ ಹೊರಗಿನ ಗುಡಿಸಿಲಿನಲ್ಲಿ ಮಳೆಗಾಲದಲ್ಲಿ ಇರಿಸಲಾಗಿ, ಆ ಕೂಸು ಉಳಿಯಲಿಲ್ಲ. ಬೆಂಗಳೂರಿನಿಂದ ಕೆಲವೇ ಗಂಟೆಯ ಹಾದಿಯಲ್ಲಿ ನಡೆದ ಸಂಗತಿಯಿದು. ಪಟ್ಟಣಗಳಲ್ಲಿರುವ ನಮ್ಮ ಮನೆಗಳಲ್ಲಿಯೂ 'ಹೊರಗೆ ಕೂರುವ' ಮೂಲೆ ಪೂರ್ತಿಯಾಗಿ ಹೋಗಿದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳುವುದು ಮೇಲು.

ಅದೇ ತುಮಕೂರು ಜಿಲ್ಲೆ ನಮಗೆ ಇನ್ನೊಂದು ಮುಖವನ್ನೂ ತೋರಿಸಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆ ಕಂಡವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಆಸ್ಪತ್ರೆಯಿಲ್ಲದ ಸೀಮೆಯಲ್ಲಿ, ಕಾಸೂ ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ನಾಡು ಅವರನ್ನು ಕೊಂಡಾಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಂಗ್ ದಂಪತಿಗಳಿಗೂ ಅದೇ ವರ್ಷ ಬಂತು. ಅದೇ ಡಿಸೆಂಬರಿನಲ್ಲಿ ನರಸಮ್ಮನವರು ತೀರಿಕೊಂಡರು. ನಾಗಪುರದ ಕಮಲಾಬಾಯಿ ದಾದಿಯ ಶಿಕ್ಷಣ ಪಡೆದವರು, ಪಾವಗಡದ ನರಸಮ್ಮ ಬಾಯಿಂದ ಬಾಯಿಗೆ ಬಂದ ವಿದ್ಯೆಯವರು. ಇಬ್ಬರಿಗೂ ಸಮಾನವಾದದ್ದು ಕರೆದವರ ಬಳಿಗೆ ಹೋದ ಗುಣ.

ದೇಶದಲ್ಲಿ ಈಗ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. 2018-20ರ ಲೆಕ್ಕದಂತೆ ಲಕ್ಷ ಜನನಗಳಿಗೆ ತಾಯಂದಿರ ಸಾವು ದೇಶದಲ್ಲಿ 97, ಮಹಾರಾಷ್ಟ್ರದಲ್ಲಿ 33, ನಮ್ಮ ಕರ್ನಾಟಕದಲ್ಲಿ 69. ಭೋರ್ ಸಮಿತಿಯ ಕಾಲದ ಅಂಕಿಯ ಪಕ್ಕದಲ್ಲಿಟ್ಟರೆ ನಾವು ಬಹುದೂರ ಬಂದಿದ್ದೇವೆ. ಕೇರಳದ 19ರ ಪಕ್ಕದಲ್ಲಿಟ್ಟರೆ ಇನ್ನೂ ಬಹುದೂರ ಹೋಗಬೇಕಾಗಿದೆ.

ನಾಗಪುರಕ್ಕೆ ಬರುವ ನೆಂಟರಿಷ್ಟರಿಗೆ ನಾವು ದೀಕ್ಷಾಭೂಮಿಯನ್ನು ತೋರಿಸುತ್ತೇವೆ, ಊರಿಗೆ ಹೊರಟಾಗ ಕಿತ್ತಳೆಯ ಬುಟ್ಟಿ ಕೊಡುತ್ತೇವೆ. ಸೀತಾಬರ್ಡಿಯ ಕಡೆ ಹೋದಾಗ ಮಾತೃ ಸೇವಾ ಸಂಘದ ಹೆಸರನ್ನೂ ಹೇಳಿ, ಹೊಸಪೇಟೆಯ ಹೆಸರು ಹೊತ್ತ ಆ ತಾಯಿಯ ಕಥೆಯನ್ನು ಮಕ್ಕಳಿಗೆ ತಿಳಿಸೋಣ. ನಮ್ಮ ಸಂಘದ ಮಹಿಳಾ ವಿಭಾಗವು ವರ್ಷಕ್ಕೊಮ್ಮೆಯಾದರೂ ವೈದ್ಯೆಯೊಬ್ಬರನ್ನು ಕರೆಸಿ, ಮುಟ್ಟು ಬಾಣಂತನಗಳನ್ನು ಕುರಿತು ಹೆಣ್ಣುಮಕ್ಕಳಿಗೆ ಮಾತ್ರವಲ್ಲದೆ ಗಂಡಸರಿಗೂ ತಿಳಿಸುವ ಏರ್ಪಾಡು ಮಾಡಿದರೆ, ಕಮಲಾಬಾಯಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ಬೇರೆ ಬೇಕಾಗಿಲ್ಲ.