ಎರಡು ಮನಿಗೆಲಸ

ಮೊನ್ನೆ ನಮ್ಮ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನ್ಯಾಗ ಯಾರೋ ಒಂದು ಫೋಟೋ ಹಾಕಿದ್ರು. ಕೋಟು ತೊಟ್ಟ ಒಬ್ಬ ಮನಷಾ. ಇಟಲಿಯ ರಾಬರ್ಟೊ ನೆವಿಲಿಸ್ ಅಂಬಾತ 1905ರಾಗ ಹೋಂವರ್ಕ್ ಕಂಡುಹಿಡದಾ, ಸಾಲಿ ಹುಡುಗರಿಗೆ ಶಿಕ್ಷಾ ಕೊಡಾಕಂತ ಮಾಡಿದಾ, ಅಂತ ಕೆಳಗ ಬರದಿತ್ತು. ನಮ್ಮ ಓಣಿ ಹೆಣ್ಣುಮಕ್ಕಳು ಅವಂಗ ಬೈದದ್ದೇ ಬೈದದ್ದು. ನಾನೂ ಒಂದೆರಡು ಬೈದೆ, ಸುಳ್ಳ ಯಾಕ ಹೇಳಲಿ. ಅವತ್ತು ರಾತ್ರಿ ನಮ್ಮ ಮೊಮ್ಮಗಳು ಒಂಬತ್ತೂವರಿಗೆ ನೋಟಬುಕ್ಕಿನ ಮ್ಯಾಲೇ ತಲಿ ಇಟ್ಟು ಮಲಗಿತ್ತು. ಎರಡನೇ ಇಯತ್ತೆ ಕೂಸು ಅದು. ಕೈಯಾಗ ಪೆನ್ಸಿಲ್ ಹಂಗ ಇತ್ತು.

ಆಮ್ಯಾಲ ಮಗಳಿಗೆ ಫೋನ್ ಹಚ್ಚಿ, ಆ ಇಟಲಿ ಮನಷಾನ ಸುದ್ದಿ ಖರೇ ಏನು ನೋಡವಾ ಅಂದೆ. ಅಕಿ ಹುಡಕಿ ಹೇಳಿದಳು, ಅದು ಕಟ್ಟುಕತಿ. ಅಂಥಾ ಮಾಸ್ತರ ಇದ್ದ ಅನ್ನಾಕ ಒಂದು ದಾಖಲೆ ಇಲ್ಲ. ಯಾಕಂದ್ರ ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದಾಗ 1901ರಾಗೇ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಮನಿಯಾಗ ಓದೂ ಕೆಲಸ ಕಡ್ಡಾಯ ಮಾಡಬಾರದು ಅಂತ ಕಾಯ್ದೆನ ಮಾಡಿದ್ರಂತ. 1917ರಾಗ ಅದನ್ನ ತಗದು ಹಾಕಿದ್ರು. 1905ರಾಗ ಹುಟ್ಟಿದ್ದಕ್ಕ 1901ರಾಗ ಬಂದಿ ಹಾಕೂದು ಹೆಂಗರೀ? ಅಂದ್ರ ಈ ಜಗಳ ನಮ್ಮ ಅಜ್ಜಿಯರ ಕಾಲದಕಿಂತ ಹಳೇದು.

ಅವಾಗಿಂದ ನನ್ನ ತಲಿಯಾಗ ಒಂದ ಹುಳ. ನಮ್ಮ ಕಡೆ ಈ ಹೋಂವರ್ಕ್ ಯಾವಾಗ ಬಂತು? ಹೆಂಗ ಬಂತು? ಯಾರ ತಲಿ ಮ್ಯಾಲ ಬಂತು? ನಾ ದೊಡ್ಡ ಓದಿದಾಕಿ ಅಲ್ಲ, ಪಿಯುಸಿ ಕಲತಾಕಿ. ಆದ್ರ ಅಜ್ಜ ಹೇಳಿದ್ದು, ಕಣ್ಣಿಂದ ಕಂಡದ್ದು, ಓದಿದ್ದು ಕೂಡಿಸಿ ಬರೀತೀನಿ.

ಸರಕಾರದ ಸಾಲಿ ಬರೂ ಮೊದಲ ನಮ್ಮ ಕಡೆ ಅಯ್ಯನವರ ಸಾಲಿ ಇದ್ದವು. ಮಠದಾಗೋ, ಗುಡಿ ಪೌಳ್ಯಾಗೋ, ಯಾವುದೋ ಶೆಟ್ಟರ ಪಡಸಾಲ್ಯಾಗೋ ಹುಡುಗರನ್ನ ಕೂಡಿಸಿ ಕಲಸತಿದ್ರು. ಹಲಗಿ ಮ್ಯಾಲ ಸಣ್ಣ ಧೂಳ ಹರವಿ, ಕಡ್ಡೀಲೆ ಅಕ್ಷರ ತಿದ್ದಸತಿದ್ರು. ಧೂಳಿನ ಮ್ಯಾಲ ಬರದಿದ್ದನ್ನ ಮನಿಗೆ ಹೆಂಗ ಒಯ್ಯಾಕ ಬರತೈತಿ? ಕೈಲೆ ಸವರಿದ್ರ ಹೋತು. ಹಂಗಾಗಿ ಮನಿಗೆ ಬರತಿದ್ದದ್ದು ಬಾಯಿಪಾಠ ಒಂದ. ಮಗ್ಗಿ, ತಿಂಗಳು, ತಿಥಿ, ನಕ್ಷತ್ರ. ಆ ಸಾಲ್ಯಾಗ ಹೆಣ್ಣುಮಕ್ಕಳು ಇರತಿದ್ದದ್ದು ಭಾಳ ಕಡಿಮಿ.

ಆಮ್ಯಾಲ ನಮ್ಮ ಜಿಲ್ಲಾ ಮುಂಬೈ ಇಲಾಖೆಗೆ ಸೇರಿತ್ತು, 1956ರ ನವೆಂಬರ್ 1ರ ತನಕ. ಮುಂಬೈ ಸರಕಾರದ ವಿದ್ಯಾ ಇಲಾಖೆ 1855ರಾಗ ಸುರುವಾತು. ಅವಾಗ ನಮ್ಮ ಕಡೆ ಸಾಲ್ಯಾಗ ಮರಾಠಿದ ಜೋರು. ಡೆಪ್ಯುಟಿ ಚೆನ್ನಬಸಪ್ಪನವರು (1834–1881) ವಿದ್ಯಾ ಇಲಾಖೆಯೊಳಗ ಇದ್ದಕೊಂಡ ಕನ್ನಡ ಸಾಲಿ ತೆರಸಾಕ, ಕನ್ನಡ ಪುಸ್ತಕ ಬರೂಹಂಗ ಮಾಡಾಕ ದುಡದ್ರು. ಅವರಂಥಾವರು ಇರದಿದ್ರ ಇವತ್ತು ನಾ ಇದನ್ನ ಮರಾಠಿಯೊಳಗ ಬರೀಬೇಕಾಗತಿತ್ತೋ ಏನೋ. ವಿಜಾಪುರದಾಗ ಹಳಕಟ್ಟಿಯವರು ಮತ್ತ ಹಿರಿಯರು ಕೂಡಿ 1910ರಾಗ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ್ರು. ಸಾಲಿ ಕಲಿಯೂದಕ್ಕ ಒಂದು ಬೆಲಿ ಬಂತು. ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದ್ರ ಕನ್ನಡ ಸಾಲಿ ಮಾಸ್ತರಕಿ ಸಿಗತಿತ್ತು.

ನಮ್ಮಜ್ಜ ಆ ಕಾಲದಾಂವ. ಪಾಟಿ, ಬಳಪ ಹಿಡಕೊಂಡು ಸಾಲಿಗೆ ಹೋದಾಂವ. ಪಾಟಿ ಬಂದ ಮ್ಯಾಲ ಬರದದ್ದು ಮನಿಗೆ ಬರಾಕ ಹತ್ತಿತು ನೋಡ್ರಿ. ಕಾಪಿ ತಿದ್ದೂದು, ಶುದ್ಧ ಬರಹ, ನಾಕು ಲೆಕ್ಕ. ಆದ್ರೂ ಅಜ್ಜ ನೆನಸತಿದ್ದದ್ದು ಬಾಯಿಲೆಕ್ಕಾನ. ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದೀಡಕಿ, ಅಂದ್ರ ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರಿ ಮಗ್ಗಿ. ಏಳು ಪಾವಕಿ ಪಾವಣೆ ಎರಡು. ಏಳು ಪಾವಲಿ ಕೂಡಿದ್ರ ಒಂದು ರೂಪಾಯಿ ಹನ್ನೆರಡಾಣೆ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲಕ್ಕ ಸಂತ್ಯಾಗ ಇದು ಬೇಕೇಬೇಕಾಗತಿತ್ತು. 1957ರ ಏಪ್ರಿಲ್ 1ಕ್ಕ ನೂರು ನಯಾಪೈಸೆ ಬಂತು. ನಡೀತ ನಡೀತ ಪಾವಕಿ, ನಿಮಕಿ ಮರತು ಹೋದವು. ಸಂತಿಗೆ ಬೇಕಾದದ್ದನ್ನ ಸಾಲ್ಯಾಗ ಕಲಸತಿದ್ರು, ಅದನ್ನ ಮನಿಯಾಗ ಗಟ್ಟಿ ಮಾಡಸತಿದ್ರು. ಇದು ಅಜ್ಜನ ಕಾಲದ ಹೋಂವರ್ಕ್.

ಇನ್ನ ನನ್ನ ಕಾಲ. 1978ರ ಸುಮಾರು. ನಾ ಮೂರನೇ ಇಯತ್ತೆ, ನಮ್ಮಕ್ಕ ಆರನೇದು. ಮಾಸ್ತರು ಹೋಂವರ್ಕಿಗೆ ಮನೆಗೆಲಸ ಅಂತಿದ್ರು. ಅವ್ವ ಅನ್ನತಿದ್ದದ್ದೂ ಮನಿಗೆಲಸ. ಹೆಸರು ಒಂದ, ಕೆಲಸ ಎರಡು. ನಸುಕಿನ್ಯಾಗ ಎದ್ದು ಸೆಗಣಿ ಬಳೀಬೇಕು, ಕುಳ್ಳ ತಟ್ಟಬೇಕು, ಬಾವಿಯಿಂದ ನೀರ ತರಬೇಕು. ಸಾಲಿ ಬಿಟ್ಟು ಬಂದ ಮ್ಯಾಲ ಗಿರಣಿಗೆ ಜ್ವಾಳ ಒಯ್ಯಬೇಕು, ಸಣ್ಣವರನ್ನ ಎತ್ತಬೇಕು, ರೊಟ್ಟಿಗೆ ಹಿಟ್ಟು ನಾದಿ ಕೊಡಬೇಕು. ಗಂಡುಹುಡುಗರಿಗೆ ಒಂದ ಮನೆಗೆಲಸ, ನಮಗ ಎರಡು. ಇದನ್ನ ಅವಾಗ ಯಾರೂ ಲೆಕ್ಕ ಹಿಡೀಲಿಲ್ಲ.

ಮನಿಯಾಗ ಒಂದ ಚಿಮಣಿ. ಈಗಿನ ಹುಡುಗರಿಗೆ ಚಿಮಣಿ ಅಂದ್ರ ಕೂಡಗಿ ಕಡೆ ಕೈ ತೋರಸತಾರ. ಅಲ್ಲಿ ಉಗಿವಿದ್ಯುತ್ ಸ್ಥಾವರ ಆಗೈತಲ್ಲ, ಮೂರು ಘಟಕ, ಒಂದೊಂದು 800 ಮೆಗಾವ್ಯಾಟ್, ಒಟ್ಟು 2400. ಅದರ ಚಿಮಣಿ ನಮ್ಮೂರಿಗೂ ಕಾಣತೈತಿ. ನಮ್ಮ ಚಿಮಣಿ ಬ್ಯಾರೆ. ಸಣ್ಣ ಡಬ್ಬಿ, ಅರಿವಿ ಬತ್ತಿ, ರೇಶನ್ ಎಣ್ಣಿ. ರೊಟ್ಟಿ ಬಡಿಯೂ ತನಕ ಅದು ಒಲಿ ಮಗ್ಗಲ. ಉಣ್ಣೂ ತನಕ ಪಡಸಾಲ್ಯಾಗ. ಉಂಡ ಮ್ಯಾಲ ಅಪ್ಪ, ಎಣ್ಣಿ ತೀರತೈತಿ ಅಂತ ಊದತಿದ್ದ. ಅಂದ್ರ ಬರೀಲಾಕ ಬೆಳಕು ಸಿಗೂದು ಅವ್ವ ರೊಟ್ಟಿ ಬಡಿಯೂ ಹೊತ್ತಿಗಷ್ಟ. ಅದ ಹೊತ್ತಿಗೆ ಅವ್ವಗ ಕೈಗೂಡಿಗೆ ಒಬ್ಬಾಕಿ ಬೇಕು. ಇಬ್ಬರಾಗ ಒಬ್ಬಾಕಿ ಬರೀಬೇಕು, ಒಬ್ಬಾಕಿ ರೊಟ್ಟಿ ಬೇಯಸಬೇಕು. ಅಕ್ಕ ದೊಡ್ಡಾಕಿ. ಅಕಿ ಬೇಯಸತಿದ್ಲು. ನಾ ಬರೀತಿದ್ದೆ.

ಮರುದಿನ ಸಾಲ್ಯಾಗ ಅಕ್ಕನ ಮನೆಗೆಲಸ ಆಗಿರತಿರಲಿಲ್ಲ. ಬರದಿಲ್ಲದವರನ್ನ ಬಾಗಲ ಹೊರಗ ನಿಂದರಸತಿದ್ರು. ಒಮ್ಮೊಮ್ಮೆ ಪಾಟಿ ತಲಿ ಮ್ಯಾಲ ಹೊರಸತಿದ್ರು. ದೊಡ್ಡ ಹುಡುಗಿ ಅಕಿ, ಓಣಿ ಮಂದಿ ಹಾದು ಹೋಗೂ ಮುಂದ ಹಂಗ ನಿಂದರಬೇಕು. ಯಾಕ ಬರದಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಅಕಿನೂ ಹೇಳಲಿಲ್ಲ. ಒಂದು ವಾರ ಹಂಗಾತು, ಎರಡು ವಾರ ಆತು. ಒಂದಿನ ಮುಂಜಾನೆ ಪಾಟಿಚೀಲ ಗೂಟಕ್ಕ ಹಾಕಿ ಕುಡಗೋಲ ತಗೊಂಡು ಅವ್ವನ ಸಂಗಾಟ ಹೊಲಕ್ಕ ಹೊಂಟಳು. ಹೆಣ್ಣಿಗೆ ಇಷ್ಟ ಓದು ಸಾಕು ಬಿಡು ಅಂದ್ರು ಮನಿಯಾಗ. ಮುಗೀತು.

ನಾ ಮುಂದ ಕಲತೆ. ಏಳನೇದು ಪಾಸಾದೆ, ಹತ್ತನೇದು ಮುಗಿಸಿದೆ, ಬಾಗೇವಾಡಿಗೆ ಬಸ್ಸಿಗೆ ಹೋಗಿ ಪಿಯುಸಿ ಮಾಡಿದೆ. ಬಂಧು ಬಳಗದಾಗ ನನ್ನನ್ನ ಶ್ಯಾಣ್ಯಾಕಿ ಅಂತಾರ. ಎಷ್ಟೋ ವರ್ಷ ನಾನೂ ಹಂಗ ತಿಳಕೊಂಡಿದ್ದೆ. ಖರೇ ಮಾತು ಏನಂದ್ರ ನನ್ನ ಹೋಂವರ್ಕ್ ಮಾಡಿದ್ದು ನಮ್ಮಕ್ಕ. ಪಾಟಿ ಮ್ಯಾಲ ಅಲ್ಲ, ಒಲಿ ಮುಂದ.

ಇದರ ಜೋಡಿ ಇನ್ನೊಂದು ಮಾತೂ ಹೇಳಬೇಕು, ಇಲ್ಲಂದ್ರ ಅನ್ಯಾಯ ಆಗತೈತಿ. ಬರಿಯೂದು ಮುಗದ ಮ್ಯಾಲ ಕತ್ತಲದಾಗ ಮಲಕೊಂಡು ನಾ ಮಗ್ಗಿ ಅನ್ನತಿದ್ದೆ. ಹದಿಮೂರೇಳಲೆ ತೊಂಬತ್ತೊಂದು ಅಂತ ಒದರೂದು. ಅವ್ವ ಸಾಲಿ ಮೆಟ್ಟಲ ಹತ್ತಿದಾಕಿ ಅಲ್ಲ. ಕೇಳಿ ಕೇಳಿ ಅಕಿಗೆ ಇಪ್ಪತ್ತರ ತನಕ ಮಗ್ಗಿ ಬಂದವು. ಸಂತ್ಯಾಗ ಬೆಣ್ಣಿ ಮಾರೂ ಮುಂದ ಅವ್ವ ಬಾಯಿಲೆ ಲೆಕ್ಕ ಹೇಳಿದ್ರ ಅಂಗಡಿಯಾಂವ ತೆರಕೊಂಡ ಬಾಯಿ ಮುಚ್ಚತಿರಲಿಲ್ಲ. ಆ ಹೋಂವರ್ಕಿಗೆ ಚಿಮಣಿ ಬೇಕಾಗಿರಲಿಲ್ಲ, ಓದಿದ ತಾಯಿ ಬೇಕಾಗಿರಲಿಲ್ಲ, ರೊಕ್ಕ ಬೇಕಾಗಿರಲಿಲ್ಲ. ಹಂಗಂತ ಹೋಂವರ್ಕ್ ಪೂರಾ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ.

ಈಗ ಸರಕಾರದ ಮಾತಿಗೆ ಬರೂಣು. ನಮ್ಮ ಮೈಸೂರಿನ್ಯಾಗ ಇದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ರಾಜ್ಯಸಭಾ ಸದಸ್ಯರಾಗಿದ್ದಾಗ, 1989ರಾಗ, ತಮ್ಮ ಮೊದಲ ಭಾಷಣದಾಗ ಮಾತಾಡಿದ್ದು ಸಾಲಿ ಮಕ್ಕಳ ಚೀಲದ ಭಾರದ ಮ್ಯಾಲ. ಆಮ್ಯಾಲ ವಿಜ್ಞಾನಿ ಯಶಪಾಲ್ ಅವರ ಸಮಿತಿ ಆತು, 1993ರಾಗ ವರದಿ ಕೊಟ್ಟಿತು. ಪ್ರಾಥಮಿಕ ಸಾಲಿ ಮಕ್ಕಳಿಗೆ ಹೋಂವರ್ಕ್ ಬ್ಯಾಡ, ಮನಿ ಸುತ್ತಮುತ್ತ ನೋಡಿ ತಿಳಕೊಳ್ಳೂ ಕೆಲಸ ಇದ್ರ ಅಷ್ಟ ಸಾಕು, ಅಂತ ಅದರಾಗ ಹೇಳಿದ್ರು. 2009ರ ಶಿಕ್ಷಣ ಹಕ್ಕು ಕಾಯ್ದೆಯೊಳಗ ಮಕ್ಕಳನ್ನ ಹೊಡೆಯೂದು, ಮನಸಿಗೆ ಹಿಂಸಾ ಕೊಡೂದು ಎರಡೂ ಬಂದಿ ಆದವು. ಆ ಕಲಮು ಓದಿದಾಗ ಬಾಗಲ ಹೊರಗ ನಿಂತ ಅಕ್ಕ ಕಣ್ಣ ಮುಂದ ಬಂದಳು. ಮೂವತ್ತು ವರ್ಷ ತಡಾ ಆತು.

2018ರಾಗ ಮದ್ರಾಸ್ ಹೈಕೋರ್ಟ್ ಒಂದನೇ, ಎರಡನೇ ಇಯತ್ತೆಗೆ ಹೋಂವರ್ಕ್ ಕೊಡಬಾರದು ಅಂತು. ಅದ ವರ್ಷ ಕೇಂದ್ರ ಸರಕಾರ ಎಲ್ಲಾ ರಾಜ್ಯಕ್ಕೂ ಹಂಗ ಬರೀತು. ನಮ್ಮ ಕರ್ನಾಟಕ ಸರಕಾರ 2019ರ ಮೇ ತಿಂಗಳದಾಗ ಆದೇಶ ಮಾಡಿತು. ಒಂದು, ಎರಡಕ್ಕ ಹೋಂವರ್ಕ್ ಇಲ್ಲ, ಚೀಲದ ತೂಕ ಎರಡು ಕಿಲೋ ದಾಟಬಾರದು ಅಂತ. 2020ರ ರಾಷ್ಟ್ರೀಯ ಚೀಲ ನೀತಿಯೊಳಗ ಲೆಕ್ಕಾನ ಕೊಟ್ಟಾರ. ಎರಡರ ತನಕ ಏನೂ ಇಲ್ಲ. ಮೂರರಿಂದ ಐದಕ್ಕ ವಾರಕ್ಕ ಎರಡು ತಾಸು. ಆರರಿಂದ ಎಂಟಕ್ಕ ದಿನಾ ಒಂದು ತಾಸು. ಅದರ ಮ್ಯಾಲಿನವರಿಗೆ ದಿನಾ ಎರಡು ತಾಸು. ವಾರಕ್ಕ ಎರಡು ತಾಸು ಅಂದ್ರ ದಿನಾ ಇಪ್ಪತ್ತು ನಿಮಿಷ. ಕಾಗದದ ಮ್ಯಾಲ ಇಷ್ಟು ಚಂದ ಐತಿ. ನಮ್ಮ ಮೊಮ್ಮಗಳು ಓದೂದು ಎರಡನೇ ಇಯತ್ತೆ, ನೋಟಬುಕ್ಕಿನ ಮ್ಯಾಲ ಮಲಗಿದ್ದು ಒಂಬತ್ತೂವರಿಗೆ!

ತಪ್ಪು ಸಾಲೀದ ಒಂದ ಅಲ್ಲ. ನಮ್ಮದೂ ಐತಿ. ಹೋಂವರ್ಕ್ ಕೊಡಲಿಲ್ಲಂದ್ರ "ಆ ಸಾಲ್ಯಾಗ ಏನೂ ಕಲಸೂದಿಲ್ಲ" ಅಂತ ಬಾವಿಕಟ್ಟಿ ಮ್ಯಾಲ ಮಾತಾಡಾವ್ರು ಯಾರು? ನಾವ. ಹೆಚ್ಚಿಗೆ ಬರಸಿದಷ್ಟು ಒಳ್ಳೇ ಸಾಲಿ ಅಂತ ಫೀಸು ತುಂಬಿ ಕಳಸಾವ್ರೂ ನಾವ. ಕಡೀಕ ರಾತ್ರಿ ಚಾರ್ಟ್ ಪೇಪರಿಗೆ ಚಿತ್ರಾ ಕತ್ತರಿಸಿ ಹಚ್ಚಿ, ಪ್ರಾಜೆಕ್ಟ್ ಮಾಡಾವ್ರೂ ನಾವ. ಮಾರ್ಕ್ಸ್ ಬರೂದು ತಾಯಿಗೆ, ಹೆಸರು ಮಗಂದು. ಇದರಾಗ ಕೂಲಿಗೆ ಹೋಗಿ ಬರೂ ತಾಯಿ ಏನ ಮಾಡಬೇಕು? ಅಕಿ ಕೂಸಿನ ಚಾರ್ಟು ಬರಂಗಿಲ್ಲ. ಮತ್ತ ಆ ಕೂಸು ಎದ್ದು ನಿಂದರತೈತಿ.

ಕೊರೋನಾದಾಗ ಇದು ಎಲ್ಲಾರ ಕಣ್ಣಿಗೂ ಬಿತ್ತು. 2020ರ ಮಾರ್ಚಿನ್ಯಾಗ ಸಾಲಿ ಬಂದಾದವು. ಇಡೀ ಸಾಲೀನ ಹೋಂವರ್ಕ್ ಆಗಿಬಿಟ್ಟಿತು, ಅದೂ ಫೋನಿನ್ಯಾಗ. ಮನಿಗೆ ಒಂದ ಫೋನು, ಅದನ್ನ ಅಪ್ಪ ಕೆಲಸಕ್ಕ ಒಯ್ಯತಾನ. ಮೂರು ಮಕ್ಕಳು ಇದ್ರ ಯಾರ ಕೈಗೆ ಕೊಡಬೇಕು? ಬಾಳ ಮನಿಯಾಗ ಗಂಡುಹುಡುಗನ ಕೈಗೆ ಹೋತು. ನಮ್ಮ ಕಾಲದಾಗ ಒಂದು ಚಿಮಣಿ, ಇವರ ಕಾಲದಾಗ ಒಂದು ಫೋನು. ಅವಾಗ ಸರಕಾರಿ ಸಾಲಿ ಗುರುಗಳು, ಅಕ್ಕೋರು "ವಿದ್ಯಾಗಮ" ಅಂತ ಊರಾಗ ಬಂದು ಗುಡಿ ಪೌಳಿ, ಗಿಡದ ನೆಳ್ಳು ಹುಡಕಿ ಮಕ್ಕಳನ್ನ ಕೂಡಿಸಿ ಕಲಿಸಿದ್ರು. ಆಗಸ್ಟ್‌ದಾಗ ಸುರುವಾದದ್ದು, ರೋಗದ ಅಂಜಿಕಿಗೆ ಅಕ್ಟೋಬರ್‌ದಾಗ ನಿಂತಿತು, ಮತ್ತ 2021ರ ಜನವರಿಗೆ ಸುರುವಾತು. ನನಗ ಅಜ್ಜ ಹೇಳತಿದ್ದ ಅಯ್ಯನವರ ಸಾಲಿ ನೆನಪಾತು. ಸುತ್ತಿ ಸುತ್ತಿ ಮತ್ತ ಪೌಳಿಗೇ ಬಂದ್ವಿ.

ಹಂಗಾದ್ರ ಹೋಂವರ್ಕ್ ಬೇಕೋ ಬ್ಯಾಡೋ? ಸಣ್ಣ ಕೂಸುಗಳಿಗೆ ಬ್ಯಾಡ. ಅವು ಉಂಡು, ಆಡಿ, ಕತಿ ಕೇಳಿ ಮಲಗಲಿ. ಐದರ ಮ್ಯಾಲಿನವರಿಗೆ ಒಂದಿಷ್ಟು ಇರಲಿ, ಕೈ ಪಳಗಬೇಕಲ್ಲ. ಆದ್ರ ಕೂಸು ತಾನ ಒಬ್ಬಾಕಿನ ಕೂತು ಮಾಡೂವಂಥಾದ್ದು ಇರಬೇಕು. ಅವ್ವಗ ಓದಾಕ ಬರಲಿ ಬಿಡಲಿ, ಮನಿಯಾಗ ಫೋನು ಇರಲಿ ಬಿಡಲಿ, ನಡೀಬೇಕು. ಅಜ್ಜಿನ್ನ ಕೇಳಿ ಹತ್ತು ಕಾಳಿನ ಹೆಸರು ಬರಕೊಂಡು ಬಾ, ಹೊಲಕ್ಕ ಹೋಗಿ ಎಷ್ಟು ಸಾಲು ಜ್ವಾಳ ಐತಿ ಎಣಿಸಿ ಬಾ, ಅಂದ್ರ ನಮ್ಮ ಹಳ್ಳಿಯಾಗ ಯಾವ ಕೂಸು ಹಿಂದ ಬೀಳತೈತಿ? ಮತ್ತ ಯಾವುದಾದ್ರೂ ಕೂಸು ಬರದು ತರಲಿಲ್ಲಂದ್ರ ಹೊರಗ ನಿಂದರಸೂ ಮೊದಲ ಯಾಕವಾ ಅಂತ ಒಂದು ಮಾತು ಕೇಳಬೇಕು. ನಾವೂ ಮನಿಯಾಗ ಹುಡುಗಗ ಓದು, ಹುಡುಗಿಗೆ ಓದು ಜೋಡಿ ಭಾಂಡೆ ಅಂತ ಮಾಡಬಾರದು.

ಪಂಚಮಿಗೆ ಅಕ್ಕ ತವರಮನಿಗೆ ಬಂದಿದ್ದಳು. ಉಂಡಿ ಕಟ್ಟಕೊಂತ ಕುಂತಿದ್ವಿ. ಮೊಮ್ಮಗಳು ಕನ್ನಡ ಪುಸ್ತಕ ಹಿಡಕೊಂಡು ಬಂತು. ಅಕ್ಕ ಕೈ ಒರಸಿಕೊಂಡು, ಕಣ್ಣು ಸಣ್ಣ ಮಾಡಿ, ಒಂದೊಂದ ಅಕ್ಷರ ಕೂಡಿಸಿ ಅದಕ್ಕ ಓದಿ ಹೇಳಿದಳು. ಐದನೇ ಇಯತ್ತೆ ತನಕ ಕಲತದ್ದು ಇನ್ನೂ ಉಳದೈತಿ. "ಅಕ್ಕಾ, ಅವಾಗ ಮಾಸ್ತರ ಮುಂದ ಖರೇ ಯಾಕ ಹೇಳಲಿಲ್ಲ?" ಅಂತ ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ.

"ಹೇಳಿದ್ರ ನಿನಗ ರೊಟ್ಟಿ ಬೇಯಸಾಕ ಹಚ್ಚತಿದ್ರು" ಅಂದಳು. ಮತ್ತ ಉಂಡಿ ಕಟ್ಟಾಕ ಕುಂತಳು.

ಮರುದಿನ ನಾ ಮೊಮ್ಮಗಳ ಸಾಲಿಗೆ ಹೋಗಿ, ಇಷ್ಟು ಸಣ್ಣ ಕೂಸಿಗೆ ಇಷ್ಟು ಬರಸಬ್ಯಾಡ್ರಿ ಅಂತ ಹೇಳಿ ಬಂದೀನಿ. ಕೇಳತಾರೋ ಇಲ್ಲೋ ನೋಡೂಣು. ನಿಮ್ಮ ಮನಿ ಕೂಸೂ ಹಂಗ ನೋಟಬುಕ್ಕಿನ ಮ್ಯಾಲ ಮಲಗತಿದ್ರ ನೀವೂ ಹೋಗಿ ಬರ್ರಿ. ಒಬ್ಬಾಕಿ ಹೇಳಿದ್ರ ಬಿಡತಾರ, ಓಣಿ ಹೆಣ್ಣುಮಕ್ಕಳೆಲ್ಲಾ ಹೋದ್ರ ಕೇಳತಾರ.