ಬೇ ಏರಿಯಾದ ಎರಡು ದತ್ತು ಕಾದಂಬರಿಗಳು: ಒಂದು ಪರಿಚಯ



ಕೃಷ್ಣನನ್ನು ಹೆತ್ತವಳು ದೇವಕಿ, ಸಾಕಿದವಳು ಯಶೋದೆ. ಈ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಖುಷಿಯಿಂದ ಹೇಳುತ್ತೇವೆ. ಆದರೆ ನಮ್ಮ ಬಳಗದಲ್ಲೇ ಯಾರಾದರೂ ಮಗುವನ್ನು ದತ್ತು ತೆಗೆದುಕೊಂಡರೆ ದನಿ ತಗ್ಗಿಸಿ ಮಾತಾಡುತ್ತೇವೆ! ಈ ವಿಷಯವನ್ನು ಮನಬಿಚ್ಚಿ ಚರ್ಚಿಸಲು ನೆರವಾಗುವ, ನಮ್ಮ ಬೇ ಏರಿಯಾದ ಹಿನ್ನೆಲೆಯಿರುವ ಎರಡು ಇಂಗ್ಲಿಷ್ ಕಾದಂಬರಿಗಳನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಮೊದಲನೆಯದು ಶಿಲ್ಪಿ ಸೋಮಾಯ ಗೌಡ ಅವರ ‘ಸೀಕ್ರೆಟ್ ಡಾಟರ್’ (2010). ಇದು ಅವರ ಮೊದಲ ಕಾದಂಬರಿ. ಕಥೆ ಶುರುವಾಗುವುದು 1984ರಲ್ಲಿ, ಮಹಾರಾಷ್ಟ್ರದ ಡಹಾಣು ಬಳಿಯ ಹಳ್ಳಿಯಲ್ಲಿ. ಗಂಡುಮಗುವೇ ಬೇಕೆನ್ನುವ ಮನೆಯಲ್ಲಿ ಕವಿತಾಗೆ ಹುಟ್ಟಿದ ಮೊದಲ ಹೆಣ್ಣುಮಗು ಉಳಿಯಲಿಲ್ಲ. ಎರಡನೆಯದನ್ನಾದರೂ ಉಳಿಸಿಕೊಳ್ಳಲು ಆಕೆ ಅದನ್ನು ಮುಂಬಯಿಯ ಅನಾಥಾಲಯಕ್ಕೆ ಒಪ್ಪಿಸಿ ಬರುತ್ತಾಳೆ. ಆ ಮಗುವನ್ನು ದತ್ತು ಪಡೆಯುವವರು ಕ್ಯಾಲಿಫೋರ್ನಿಯಾದ ವೈದ್ಯ ದಂಪತಿಗಳು: ಅಮೆರಿಕನ್ ಮಹಿಳೆ ಸೋಮರ್, ಮುಂಬಯಿ ಮೂಲದ ಕೃಷ್ಣನ್. ಬೆಳೆದು ದೊಡ್ಡವಳಾದ ಆಶಾ ತನ್ನ ಬೇರು ಹುಡುಕುತ್ತಾ ಮುಂಬಯಿಗೆ ಹೊರಟಾಗ, ಮಗಳನ್ನು ಕಳೆದುಕೊಳ್ಳುವ ಭಯ ಸೋಮರ್‌ಳನ್ನು ಕಾಡುತ್ತದೆ. ಮುಂದೇನಾಯಿತು ಎಂಬುದನ್ನು ನೀವೇ ಓದಿ ತಿಳಿಯಿರಿ.

ಎರಡನೆಯದು ಶಾಂತಿ ಶೇಖರನ್ ಅವರ ‘ಲಕ್ಕಿ ಬಾಯ್’ (2017). ಮಕ್ಕಳಿಲ್ಲದ ಬರ್ಕ್ಲಿಯ ಕಾವ್ಯ ಮತ್ತು ರಿಷಿ ರೆಡ್ಡಿ ದಂಪತಿಗಳು ಇಗ್ನಾಸಿಯೋ ಎಂಬ ಮಗುವನ್ನು ಫಾಸ್ಟರ್ ವ್ಯವಸ್ಥೆಯಡಿ ಮನೆಗೆ ತಂದುಕೊಳ್ಳುತ್ತಾರೆ. ಮಗುವಿನ ತಾಯಿ ಸೋಲಿ, ದಾಖಲೆಗಳಿಲ್ಲದೆ ಮೆಕ್ಸಿಕೋದಿಂದ ಬಂದು ವಲಸೆ ಅಧಿಕಾರಿಗಳ ಬಂಧನಕ್ಕೆ ಸಿಲುಕಿದವಳು. ಫಾಸ್ಟರ್ ಎಂದರೆ ದತ್ತು ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮಗುವನ್ನು ಹೆತ್ತವರ ಬಳಿ ಮರಳಿಸುವುದೇ ಇದರ ಮೊದಲ ಗುರಿ. ಅದು ಸಾಧ್ಯವಾಗದಿದ್ದರೆ ಮಾತ್ರ ದತ್ತು ಮುಂತಾದ ದಾರಿಗಳು. ಹಾಗಾಗಿ ಕಾವ್ಯಳಿಗೆ ಸಿಕ್ಕ ತಾಯ್ತನದ ಅವಕಾಶ ಮತ್ತು ಸೋಲಿಯ ಹಕ್ಕು ಎದುರುಬದುರಾಗುತ್ತವೆ.

ಎರಡೂ ಕಾದಂಬರಿಗಳಲ್ಲಿ ನಮಗೆ ಮೆಚ್ಚುಗೆಯಾದದ್ದು, ಯಾವ ತಾಯಿಯನ್ನೂ ಖಳನಾಯಕಿಯಾಗಿಸದೆ ಇಬ್ಬರ ಸಂಕಟವನ್ನೂ ತೋರಿಸಿರುವುದು. ಕೊಟ್ಟವಳು ಪ್ರೀತಿಯಿಲ್ಲದೆ ಕೊಟ್ಟಿಲ್ಲ. ಪಡೆದವಳ ಪ್ರೀತಿ ಎರಡನೇ ದರ್ಜೆಯದಲ್ಲ.

ಕನ್ನಡಿಗರಿಗೆ ಇಲ್ಲಿ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ನೆನಪಾಗದಿರದು. ಅದು ದತ್ತಿನ ಕಥೆಯಲ್ಲ. ಆದರೂ ಜೀವನವಿಡೀ ವಂಶದ ಹಿರಿಮೆ ಕಾಪಾಡಿಕೊಂಡು ಬಂದ ಶ್ರೀನಿವಾಸ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಸತ್ಯ ತಿಳಿಯುವುದು ಇಳಿವಯಸ್ಸಿನಲ್ಲಿ. ಅಷ್ಟು ತಡವಾಗಿ ತಿಳಿದ ಸತ್ಯ ಎಷ್ಟು ನೋಯಿಸುತ್ತದೆ ಎಂಬುದನ್ನು ಆ ಕಾದಂಬರಿ ಓದಿದವರೆಲ್ಲ ಬಲ್ಲರು. ದತ್ತು ಮಕ್ಕಳಿಗೂ ಅವರ ಕಥೆಯನ್ನು ಚಿಕ್ಕಂದಿನಿಂದಲೇ, ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ, ಮನೆಯವರೇ ಹೇಳುವುದು ಒಳ್ಳೆಯದು. ಪಾರ್ಟಿಯಲ್ಲಿ ಯಾರದೋ ಬಾಯಿಂದ ಅದು ತಿಳಿಯಬಾರದು. ಮಗುವಿನೆದುರು ‘ನಿಜವಾದ ಅಮ್ಮ ಯಾರು?’ ಎಂದು ಕೇಳದಿರುವುದು ನಮ್ಮೆಲ್ಲರ ಕರ್ತವ್ಯ ಕೂಡ.

ಈ ಪುಸ್ತಕಗಳಿಗಾಗಿ ನಿಮ್ಮ ಊರಿನ ಲೈಬ್ರರಿಯಲ್ಲಿ ವಿಚಾರಿಸಿ. ಹೈಸ್ಕೂಲು ದಾಟಿದ ಮಕ್ಕಳಿದ್ದರೆ ಅವರೊಂದಿಗೆ ಕೂಡಿ ಓದಿ, ಚರ್ಚಿಸಿ.