ಬಿರುದು ಮುಂದೆ, ಕಲಿಕೆ ಹಿಂದೆ

ರೋಗವೊಂದನ್ನೇ ನೋಡದೆ ರೋಗಿಯನ್ನು ಇಡಿಯಾಗಿ ನೋಡುತ್ತೇವೆ ಎನ್ನುವ ವೈದ್ಯ ಪದ್ಧತಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ವೈದ್ಯರ ಬಿರುದುಗಳಿಗಂತೂ ಲೆಕ್ಕವೇ ಸಿಗುವುದಿಲ್ಲ. ಭಿಷಕ್, ವೈದ್ಯ ವಿಶಾರದ, ಆಯುರ್ವೇದ ರತ್ನ, ಆರ್ಯವೈದ್ಯನ್, ಎಲ್.ಐ.ಎಂ., ಜಿ.ಸಿ.ಐ.ಎಂ., ಎ.ಎಂ.ಎಸ್., ಬಿ.ಎ.ಎಂ.ಎಸ್., ಬಿ.ಎನ್.ವೈ.ಎಸ್.: ಹೆಚ್ಚುಕಡಿಮೆ ಒಂದು ಶತಮಾನದೊಳಗೆ ಚಲಾವಣೆಗೆ ಬಂದು, ಕೆಲವು ಮರೆಯಾಗಿ, ಕೆಲವು ಕೋರ್ಟಿನ ಮೆಟ್ಟಿಲೇರಿದ ಹೆಸರುಗಳಿವು. ಒಂದೊಂದರ ಹಿಂದೆಯೂ ಒಂದು ಪಠ್ಯಕ್ರಮವಿದೆ, ಒಂದು ಸಮಿತಿಯ ವರದಿಯಿದೆ, ಬಹಳಷ್ಟು ಸಲ ಒಂದು ಮುಷ್ಕರವೂ ಇದೆ. ಇವುಗಳ ಚರಿತ್ರೆಯನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಈ ವೈದ್ಯರನ್ನು ಏನೆಂದು ಕರೆಯಬೇಕು, ಎಷ್ಟು ವರ್ಷ ಓದಿಸಬೇಕು ಎಂಬುದಕ್ಕೆ ನಾವು ನೂರು ವರ್ಷ ಜಗಳವಾಡಿದ್ದೇವೆ. ಓದಿ ಹೊರಬಂದವರು ಯಾವ ಕೆಲಸವನ್ನು ಅಪಾಯವಿಲ್ಲದೆ ಮಾಡಬಲ್ಲರು, ಎಲ್ಲಿ ಕೈಬಿಟ್ಟು ರೋಗಿಯನ್ನು ಬೇರೆಯವರ ಬಳಿ ಕಳಿಸಬೇಕು ಎಂಬುದನ್ನು ಅಪರೂಪಕ್ಕೆ ಮಾತ್ರ ಕೇಳಿದ್ದೇವೆ. ಬಿರುದಿನ ಆಸೆಗೆ ತಕ್ಕಂತೆ ಕಲಿಕೆ ಬಾಗಿತು ಎಂಬುದು ಈ ಲೇಖನದ ವಾದ.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ವೈದ್ಯನ ಅರ್ಹತೆ ಎಂದರೆ ಆತ ಯಾರ ಶಿಷ್ಯ, ಯಾವ ಮನೆತನದವನು, ಅವನ ಕೈಗುಣ ಹೇಗೆ ಎಂಬ ಊರಿನ ಮಾತು. ಆ ಏರ್ಪಾಡು ಶಾಲೆ ಮತ್ತು ಪರೀಕ್ಷೆಗೆ ತಿರುಗಿದ್ದು ಬೇಗ ಬೇಗ. 1907ರಲ್ಲಿ ಅಖಿಲ ಭಾರತ ಆಯುರ್ವೇದ ಮಹಾಸಮ್ಮೇಳನ ಹುಟ್ಟಿತು, 1908ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಶಿಕ್ಷಣ ಸಂಸ್ಥೆ ಆರಂಭವಾಯಿತು, 1917ರಲ್ಲಿ ಕೇರಳದ ವೈದ್ಯ ಪಿ.ಎಸ್. ವಾರಿಯರ್ ಅವರ ಆರ್ಯವೈದ್ಯ ಪಾಠಶಾಲೆ ಬಂದಿತು. ಪರೀಕ್ಷೆ ನಡೆಸುವ ಹಕ್ಕು ಯಾರದೆಂದು ಆಗ ಗೊತ್ತುಮಾಡಿದವರಿಲ್ಲ. ಹೀಗಾಗಿ ಭಾಷಾ ಪ್ರಚಾರಕ್ಕೆಂದು ಸ್ಥಾಪನೆಯಾದ ಪ್ರಯಾಗದ ಹಿಂದಿ ಸಾಹಿತ್ಯ ಸಮ್ಮೇಳನವೂ ವೈದ್ಯ ವಿಶಾರದ, ಆಯುರ್ವೇದ ರತ್ನ ಎಂಬ ಬಿರುದುಗಳನ್ನು ಕೊಡತೊಡಗಿತು. ಸಾಹಿತ್ಯ ಪರಿಷತ್ತೊಂದು ವೈದ್ಯರನ್ನು ತಯಾರಿಸುವುದು ಇವತ್ತು ನಗೆ ತರಿಸಬಹುದು. ಆದರೆ ಸರ್ಕಾರವೇ ಅದನ್ನು ಒಪ್ಪಿತ್ತು: 1931ರಿಂದ 1967ರವರೆಗಿನ ಆ ಬಿರುದುಗಳು ಮುಂದೆ 1970ರ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲೇ ಜಾಗ ಪಡೆದವು. 1967ರ ಬಳಿಕ ಅದೇ ಪರೀಕ್ಷೆ ಬರೆದವರು ನೋಂದಣಿಗಾಗಿ ದಶಕಗಳ ಕಾಲ ಅಲೆದರು. ಅವರ ಬಿರುದಿಗೆ ಮಾನ್ಯತೆ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. 1966ರಲ್ಲಿ ಪಾಸಾದವನಿಗೂ 1968ರಲ್ಲಿ ಪಾಸಾದವನಿಗೂ ವೈದ್ಯ ವಿದ್ಯೆಯಲ್ಲಿ ಇದ್ದ ಅಂತರವೇನು ಎಂದು ಕೇಳಿದರೆ ಕಾಯ್ದೆಯಲ್ಲಿ ಉತ್ತರವಿಲ್ಲ, ಅಲ್ಲಿರುವುದು ತಾರೀಖು ಮಾತ್ರ.

ಇಡೀ ಕಥೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮದ್ರಾಸಿನಲ್ಲಿ. ದೇಶೀ ವೈದ್ಯದ ಸ್ಥಿತಿಗತಿ ಪರಿಶೀಲಿಸಲು ಮದ್ರಾಸ್ ಸರ್ಕಾರ ನೇಮಿಸಿದ ಉಸ್ಮಾನ್ ಸಮಿತಿ 1923ರಲ್ಲಿ ವರದಿ ಕೊಟ್ಟಿತು. ಅದರ ಕಾರ್ಯದರ್ಶಿಯಾಗಿದ್ದ ಜಿ. ಶ್ರೀನಿವಾಸಮೂರ್ತಿ ಪಾಶ್ಚಾತ್ಯ ವೈದ್ಯವನ್ನೂ ಓದಿದವರು. ವರದಿಯ ಬೆನ್ನಿಗೇ ತೆರೆದ ಸರ್ಕಾರಿ ದೇಶೀ ವೈದ್ಯ ಶಾಲೆಗೆ ಅವರೇ ಮುಖ್ಯಸ್ಥರಾದರು. ಅಲ್ಲಿ ಕಲಿತವರಿಗೆ ಎಲ್.ಐ.ಎಂ. ಎಂಬ ಪರವಾನಗಿ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೂ ಆ ಮೂರಕ್ಷರದ ಮಾನ್ಯತೆ ಹಬ್ಬಿತು. ಆಯುರ್ವೇದದ ಜೊತೆಗೆ ಅಂಗರಚನೆ, ಶರೀರಕ್ರಿಯೆಗಳ ಪಾಠವೂ ಇದ್ದ ಈ ಮಿಶ್ರ ಕಲಿಕೆಯ ಉದ್ದೇಶ ಒಳ್ಳೆಯದೇ. ತೊಡಕು ಹುಟ್ಟಿದ್ದು ಹೊರಬಂದವರ ಬಾಳಿನಲ್ಲಿ. ಎರಡೂ ವಿದ್ಯೆ ಕಲಿತವನ ಸಂಬಳ ಒಂದನ್ನೇ ಕಲಿತ ಎಂ.ಬಿ.ಬಿ.ಎಸ್. ಪದವೀಧರನಿಗಿಂತ ಕಡಿಮೆ, ಗೌರವ ಇನ್ನೂ ಕಡಿಮೆ. ಶಾಲೆ ಕಾಲೇಜಾಯಿತು, ಎಲ್.ಐ.ಎಂ. ಹೋಗಿ ಜಿ.ಸಿ.ಐ.ಎಂ. ಬಂತು, ಪಠ್ಯದಲ್ಲಿ ಆಧುನಿಕ ವೈದ್ಯದ ಪಾಲು ಹೆಚ್ಚುತ್ತ ಹೋಯಿತು. ಕೊನೆಗೆ ವಿದ್ಯಾರ್ಥಿಗಳಿಗೆ ಬೇಕಾದದ್ದು ಎಂ.ಬಿ.ಬಿ.ಎಸ್. ಎಂಬ ನಾಲ್ಕಕ್ಷರ. 1960ರಲ್ಲಿ ಆ ಕಾಲೇಜು ಕಿಲ್ಪಾಕ್ ಮೆಡಿಕಲ್ ಕಾಲೇಜಾಗಿ ಮಾರ್ಪಟ್ಟಿತು. ದೇಶೀ ವೈದ್ಯವನ್ನು ಉಳಿಸಲು ಕಟ್ಟಿದ ಸಂಸ್ಥೆ ನಲವತ್ತು ವರ್ಷದೊಳಗೆ ಆಧುನಿಕ ವೈದ್ಯದ ಸಂಸ್ಥೆಯಾಯಿತು. ಯಾರೋ ಶತ್ರುಗಳು ಅದನ್ನು ಮುಚ್ಚಲಿಲ್ಲ, ಒಳಗಿನವರ ಬಿರುದಿನ ಹಂಬಲವೇ ಅದನ್ನು ಅಲ್ಲಿಗೆ ಒಯ್ದಿತು.

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೂ ನಡೆದದ್ದು ಇದೇ, ಮತ್ತು ಅಲ್ಲಿ ಒಬ್ಬ ಕನ್ನಡಿಗರು ನಟ್ಟನಡುವೆ ನಿಂತಿದ್ದರು. ಉಡುಪಿ ಸೀಮೆಯಿಂದ ಬಂದ ಕೆ.ಎನ್. ಉಡುಪ ಅದೇ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಓದಿ, ಆಮೇಲೆ ವಿದೇಶದಲ್ಲಿ ಶಸ್ತ್ರಚಿಕಿತ್ಸೆ ಕಲಿತವರು. ಕೇಂದ್ರ ಸರ್ಕಾರ 1958ರಲ್ಲಿ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು, ಮಿಶ್ರ ಶಿಕ್ಷಣಕ್ಕೆ ಅವರ ಬೆಂಬಲವಿತ್ತು. ಆದರೆ 1960ರಲ್ಲಿ ಬನಾರಸ್ಸಿನ ಆಯುರ್ವೇದ ಕಾಲೇಜನ್ನು ವೈದ್ಯಕೀಯ ವಿಜ್ಞಾನಗಳ ಕಾಲೇಜಾಗಿ ಬದಲಿಸಬೇಕಾಗಿ ಬಂದಾಗ ಅದರ ನೇತೃತ್ವ ಬಿದ್ದದ್ದೂ ಅವರ ಹೆಗಲಿಗೇ. ಎರಡೂ ವಿದ್ಯೆಯನ್ನು ಒಳಗಿನಿಂದ ಬಲ್ಲ ಅಂಥವರ ಕೈಯಲ್ಲೂ ಮಿಶ್ರ ಪದವಿ ನಿಲ್ಲಲಿಲ್ಲ. ಇದಕ್ಕೆ ಪ್ರತಿಕ್ರಿಯೆಯಾಗಿ 1963ರಲ್ಲಿ ಗುಜರಾತಿನ ಮೋಹನ್‌ಲಾಲ್ ವ್ಯಾಸರ ಸಮಿತಿ ಶುದ್ಧ ಆಯುರ್ವೇದದ ಪಠ್ಯ ಹಾಕಿಕೊಟ್ಟಿತು, ಆಧುನಿಕ ವೈದ್ಯದ ವಿಷಯಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಇದೂ ಉಳಿಯಲಿಲ್ಲ. ಶುದ್ಧರು, ಮಿಶ್ರರು ಎಂಬ ಈ ಜಗಳವನ್ನು ನಮ್ಮ ವೈದ್ಯ ಚರಿತ್ರೆಕಾರರು ಸಿದ್ಧಾಂತದ ಜಗಳವೆಂದೇ ಬರೆಯುತ್ತಾರೆ. ಅಷ್ಟು ಉದಾತ್ತ ಕಾರಣ ಹುಡುಕಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಹಳ್ಳಿಯ ಡಿಸ್ಪೆನ್ಸರಿಯಲ್ಲಿ ಕೂತ ವೈದ್ಯ ಯಾವ ಜ್ವರವನ್ನು ತಾನೇ ನೋಡಬೇಕು, ಯಾವುದನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು ಎಂಬ ಪ್ರಶ್ನೆಗೆ ಎರಡೂ ಕಡೆಯವರಲ್ಲಿ ಉತ್ತರವಿರಲಿಲ್ಲ.

1970ರ ಭಾರತೀಯ ವೈದ್ಯಪದ್ಧತಿ ಕೇಂದ್ರ ಪರಿಷತ್ ಕಾಯ್ದೆ ಈ ಗೊಂದಲಕ್ಕೆ ಒಂದು ಚೌಕಟ್ಟು ಹಾಕಿತು ಎಂಬುದನ್ನು ಒಪ್ಪಬೇಕು. ದೇಶಕ್ಕೆಲ್ಲ ಒಂದೇ ಆಯುರ್ವೇದ ಪದವಿ ಬಿ.ಎ.ಎಂ.ಎಸ್., ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ರಾಜ್ಯ ಮಂಡಳಿಗಳಲ್ಲಿ ನೋಂದಣಿ ಕಡ್ಡಾಯ, ಮೊದಲೇ ವೃತ್ತಿಯಲ್ಲಿದ್ದ ಹಳಬರಿಗೆ ಒಂದಿಷ್ಟು ರಿಯಾಯಿತಿ. ಹೋಮಿಯೋಪಥಿಗೆ 1973ರಲ್ಲಿ ಬೇರೆಯದೇ ಕಾಯ್ದೆ ಬಂತು. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಮಾತ್ರ ಕೇಂದ್ರದ ಕಣ್ಣಿಗೆ ಬೀಳಲಿಲ್ಲ. ಈ ವಿಷಯದಲ್ಲಿ ಕರ್ನಾಟಕ ಮುಂದಿತ್ತು, 1961ರ ನಮ್ಮ ವೈದ್ಯರ ನೋಂದಣಿ ಕಾಯ್ದೆಯ ಹೆಸರಿನಲ್ಲೇ ಆಯುರ್ವೇದ, ಸಿದ್ಧ, ಯುನಾನಿಗಳ ಜೊತೆ ಪ್ರಕೃತಿ ಚಿಕಿತ್ಸೆ, ಯೋಗ ಎರಡೂ ಇವೆ. 1989ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ಪ್ರಕೃತಿ ಚಿಕಿತ್ಸಾ ಕಾಲೇಜು ಶುರುವಾಯಿತು, ಪ್ರಕೃತಿ ಚಿಕಿತ್ಸೆ, ಯೋಗಗಳ ಬಿ.ಎನ್.ವೈ.ಎಸ್. ಕೂಡ ಐದೂವರೆ ವರ್ಷದ ಪದವಿಯಾಯಿತು. 2020ರಲ್ಲಿ ಹಳೆಯ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ಆಯೋಗ ತರುವ ಕಾಯ್ದೆ ಬಂದಾಗ ಹಿಮಾಲಯದ ವೈದ್ಯಪದ್ಧತಿಯಾದ ಸೋವಾ ರಿಗ್ಪಕ್ಕೂ ಅದರಲ್ಲಿ ಸ್ಥಾನವಿತ್ತು, ಪ್ರಕೃತಿ ಚಿಕಿತ್ಸೆಗೆ ಆಗಲೂ ಇರಲಿಲ್ಲ. ಇಲ್ಲಿ ಅವಧಿಯ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕೃತಿ ಚಿಕಿತ್ಸಕರ ತರಬೇತಿಗೆ ಸೂಚಿಸಿದ ಕನಿಷ್ಠ ಮಟ್ಟ 1500 ಗಂಟೆ, ಅದರಲ್ಲಿ 400 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ಕೆಲಸ. ನಮ್ಮ ಐದೂವರೆ ವರ್ಷಕ್ಕೆ ಅಳತೆಗೋಲು ಎಂ.ಬಿ.ಬಿ.ಎಸ್. ಅಷ್ಟೇ, ಉಪವಾಸ, ಜಲಚಿಕಿತ್ಸೆ, ಆಹಾರ ಕ್ರಮ ಕಲಿಯಲು ಎಷ್ಟು ಕಾಲ ಬೇಕೆಂದು ಲೆಕ್ಕಹಾಕಿ ಬಂದ ಸಂಖ್ಯೆಯಂತೆ ಅದು ಕಾಣುವುದಿಲ್ಲ.

ಶಾಸನ ಬಿಟ್ಟ ಜಾಗವನ್ನು ನ್ಯಾಯಾಲಯಗಳು ತುಂಬಿದವು. ಹೋಮಿಯೋಪಥಿ ಓದಿ ಅಲೋಪಥಿ ಔಷಧ ಕೊಟ್ಟವರೊಬ್ಬರ ರೋಗಿ ಸತ್ತ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯನೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಪದವಿ ಇದ್ದೂ ನಕಲಿಯಾಗಬಹುದು ಎಂಬುದು ಆ ತೀರ್ಪಿನ ತಿರುಳು. 2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯತೆಯಿಲ್ಲದ ಎಲೆಕ್ಟ್ರೋಪಥಿಯಂಥ ಪದ್ಧತಿಗಳವರು ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳದಂತೆ ನೋಡಿಕೊಳ್ಳಲು ರಾಜ್ಯಗಳಿಗೆ ತಿಳಿಸಿತು. 2018ರಲ್ಲಿ ಕೇರಳದ ಪರಂಪರಾಗತ ವೈದ್ಯರು ಮಾನ್ಯ ಪದವಿಯಿಲ್ಲದೆ ವೃತ್ತಿ ನಡೆಸುವಂತಿಲ್ಲ ಎಂಬ ತೀರ್ಪು ಬಂತು. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು 2023ರ ಗುಜರಾತ್ ಪ್ರಕರಣ. ಆಯುರ್ವೇದ ವೈದ್ಯಾಧಿಕಾರಿಗಳು ಎಂ.ಬಿ.ಬಿ.ಎಸ್. ವೈದ್ಯರಿಗೆ ಸಮನಾದ ವೇತನ ಕೇಳಿದ್ದರು. ಸುಪ್ರೀಂ ಕೋರ್ಟ್ ಪದವಿಯ ವರ್ಷಗಳನ್ನು ತೂಗುತ್ತ ಕೂರಲಿಲ್ಲ. ತುರ್ತು ಚಿಕಿತ್ಸೆ, ಅಪಘಾತ, ಮರಣೋತ್ತರ ಪರೀಕ್ಷೆ ಇಂಥ ಕೆಲಸಗಳನ್ನು ಯಾರು ಮಾಡುತ್ತಾರೆ ಎಂದು ನೋಡಿತು, ಮಾಡುವ ಕೆಲಸ ಒಂದೇ ಅಲ್ಲ ಎಂದು ಬೇಡಿಕೆಯನ್ನು ತಳ್ಳಿಹಾಕಿತು. ತೀರ್ಪು ಆಯುರ್ವೇದದವರಿಗೆ ಕಹಿಯಾದರೂ ಅದರ ವಿಧಾನ ಸರಿಯಾದದ್ದು.

ಅದಕ್ಕೆ ಮೂರು ವರ್ಷ ಮೊದಲು ಇದೇ ವಿಧಾನದ ಒಂದು ಅವಕಾಶವನ್ನು ನಾವು ಹಾಳುಮಾಡಿಕೊಂಡೆವು. 2020ರ ನವೆಂಬರಿನಲ್ಲಿ ಕೇಂದ್ರ ಪರಿಷತ್ತು ಆಯುರ್ವೇದದ ಶಲ್ಯ (ಶಸ್ತ್ರಚಿಕಿತ್ಸೆ), ಶಾಲಾಕ್ಯ (ಕಣ್ಣು, ಕಿವಿ, ಮೂಗು, ಗಂಟಲು, ಬಾಯಿ) ವಿಭಾಗಗಳಲ್ಲಿ ಸ್ನಾತಕೋತ್ತರ ಓದುವವರು ಕಲಿಯಬೇಕಾದ 58 ಶಸ್ತ್ರಕ್ರಿಯೆಗಳನ್ನು ಪಟ್ಟಿಮಾಡಿತು, ಶಲ್ಯಕ್ಕೆ 39, ಶಾಲಾಕ್ಯಕ್ಕೆ 19. ಬಿರುದಿನಾಚೆಗೆ ಕೆಲಸವನ್ನು ಹೆಸರಿಟ್ಟು ಹೇಳಿದ ದಾಖಲೆ ಅದು. ಭಾರತೀಯ ವೈದ್ಯಕೀಯ ಸಂಘ ಡಿಸೆಂಬರ್ 11ರಂದು ಮುಷ್ಕರ ಹೂಡಿತು, ಆಯುರ್ವೇದದವರು ಪ್ರಾಚೀನ ಶಸ್ತ್ರವೈದ್ಯ ಸುಶ್ರುತನನ್ನು ಮುಂದಿಟ್ಟರು, ಟಿ.ವಿ. ಚರ್ಚೆಗಳು ಶಸ್ತ್ರಚಿಕಿತ್ಸಕ ಎಂಬ ಹೆಸರು ಯಾರ ಸ್ವತ್ತು ಎಂಬುದರ ಸುತ್ತಲೇ ತಿರುಗಿದವು. ಮೂಲವ್ಯಾಧಿ, ಭಗಂದರಗಳ ಚಿಕಿತ್ಸೆಯಲ್ಲಿ ಕ್ಷಾರಸೂತ್ರದ (ಔಷಧ ಲೇಪಿಸಿದ ದಾರದ) ಕೈಚಳಕ ಪಡೆದವರು ಪಿತ್ತಕೋಶ ತೆಗೆಯಲು ಎಷ್ಟು ಸಲ ಹಿರಿಯರ ಪಕ್ಕ ನಿಂತು ಕಲಿತಿರಬೇಕು, ಅರಿವಳಿಕೆ ಕೊಡುವವರು ಯಾರು, ರಕ್ತಸ್ರಾವವಾದರೆ ಮುಂದೇನು ಎಂಬ ಪ್ರಶ್ನೆಗಳು ಬದಿಗೆ ಬಿದ್ದವು. ಪಟ್ಟಿ ಮಾಡಿದ್ದು ಸರಿ. ಪ್ರತಿ ಕ್ರಿಯೆಯ ಪಕ್ಕದಲ್ಲಿ ಅದನ್ನು ಎಷ್ಟು ಸಲ ಮಾಡಿ ಕಲಿತಿರಬೇಕು ಎಂಬ ಸಂಖ್ಯೆ ಬರೆಯದೆ ಬಿಟ್ಟದ್ದು ತಪ್ಪು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದು ತಾತ್ವಿಕವಾದದ್ದು: ದೇಹ, ಮನಸ್ಸು, ಆಹಾರ, ಋತು ಎಲ್ಲವನ್ನೂ ಒಟ್ಟಿಗೆ ನೋಡುವ ವೈದ್ಯವನ್ನು ಕ್ರಿಯೆಗಳ ಪಟ್ಟಿಯಾಗಿ ತುಂಡರಿಸಿದರೆ ಅದರ ಜೀವವೇ ಹೋಗುತ್ತದೆ ಎಂಬುದು. ಆದರೆ ಪಟ್ಟಿ ಗೆರೆ ಎಳೆಯುವುದು ವೈದ್ಯನ ಕೈಗೆ, ರೋಗಿಯ ದೇಹಕ್ಕಲ್ಲ. ರೋಗಿಯನ್ನು ಇಡಿಯಾಗಿ ನೋಡುವವನಿಗೆ ತನ್ನ ವಿದ್ಯೆಯ ಅಂಚು ಬೇರೆಯವರಿಗಿಂತ ಮೊದಲೇ ಗೊತ್ತಿರಬೇಕು, ಸಾಧ್ಯ ಅಸಾಧ್ಯ ವ್ಯಾಧಿಗಳ ವಿಂಗಡಣೆಯನ್ನು ಚರಕ ಸಂಹಿತೆಯಲ್ಲೇ ಓದಿದವನಿಗೆ ಇದು ಹೊಸ ಮಾತೂ ಅಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಎಂ.ಬಿ.ಬಿ.ಎಸ್. ವೈದ್ಯರು ಹೋಗಲೊಪ್ಪದ ಊರುಗಳಲ್ಲಿ ಆಯುಷ್ ವೈದ್ಯರೇ ಪ್ರಾಥಮಿಕ ಆರೋಗ್ಯ ಕೇಂದ್ರ ನಡೆಸುತ್ತಿರುವಾಗ ಅವರ ಬಿರುದನ್ನು ಕೆದಕುವುದು ಕೃತಘ್ನತೆ ಎನ್ನುತ್ತಾರೆ. ಅವರ ದುಡಿಮೆ ನಿಜ. ಅದಕ್ಕೇ ಅವರ ಕೆಲಸದ ಮೇರೆಯನ್ನು ಬರವಣಿಗೆಯಲ್ಲಿ ಹೇಳಬೇಕು, ಇಲ್ಲವಾದರೆ ಸರ್ಕಾರ ಹೇಳಿದ ಕೆಲಸ ಮಾಡಿ 1996ರ ತೀರ್ಪಿನ ಎದುರು ಒಂಟಿಯಾಗಿ ನಿಲ್ಲುವವರು ಅವರೇ. ಇನ್ನು ದೀರ್ಘ ಪದವಿಯೇ ರೋಗಿಗೆ ರಕ್ಷಣೆ ಎಂಬ ನಂಬಿಕೆ. ಅದಕ್ಕೆ ತದ್ವಿರುದ್ಧ ತುದಿ ಜರ್ಮನಿಯ ಹೈಲ್‌ಪ್ರಾಕ್ಟಿಕರ್: 1939ರ ಕಾಯ್ದೆಯಡಿ ಬರುವ ಈ ಚಿಕಿತ್ಸಕರಿಗೆ ನಿಗದಿತ ಪಠ್ಯವಿಲ್ಲ, ಜನರ ಆರೋಗ್ಯಕ್ಕೆ ಅಪಾಯ ತರುವವರೇ ಎಂದು ಆರೋಗ್ಯ ಇಲಾಖೆ ಪರೀಕ್ಷಿಸುತ್ತದೆ, ಅಷ್ಟೇ. ಅದು ಸಾಲದು. ಆದರೆ ಆ ಒಂದು ಪ್ರಶ್ನೆಯನ್ನಾದರೂ ಅಲ್ಲಿ ನೇರವಾಗಿ ಕೇಳುತ್ತಾರೆ.

ನಮ್ಮಲ್ಲಿ ಈ ದಿಕ್ಕಿನ ಪ್ರಯತ್ನ ನಡೆದಿರುವುದು ವೃತ್ತಿಯ ಕೆಳಮೆಟ್ಟಿಲಲ್ಲಿ. ಯೋಗ ಪ್ರಮಾಣೀಕರಣ ಮಂಡಳಿ ಬೋಧಕರನ್ನೂ ಚಿಕಿತ್ಸಕರನ್ನೂ ಹಂತ ಹಂತವಾಗಿ ಬೇರ್ಪಡಿಸಿದೆ. ಭಾರತೀಯ ಗುಣಮಟ್ಟ ಪರಿಷತ್ತು ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯ ಜೊತೆ ರೂಪಿಸಿದ ಯೋಜನೆಯಲ್ಲಿ ನಾಟಿ ವೈದ್ಯರಿಗೆ ಮೂಳೆ ಕಟ್ಟುವುದು, ಕಾಮಾಲೆ, ವಿಷಜಂತುಗಳ ಕಡಿತ, ಸೂಲಗಿತ್ತಿಯ ಕೆಲಸ ಹೀಗೆ ಒಂದೊಂದು ಕೌಶಲಕ್ಕೇ ಪ್ರಮಾಣಪತ್ರ. ಪರೀಕ್ಷಿಸುವುದು ಅವರು ನಿಜವಾಗಿ ಮಾಡುವ ಕೆಲಸವನ್ನು. ಈ ಪತ್ರ ಅವರನ್ನು ಕಾನೂನಿನ ಕಣ್ಣಲ್ಲಿ ವೈದ್ಯರನ್ನಾಗಿ ಮಾಡುವುದಿಲ್ಲ. ಅಕ್ಷರ ಬಾರದ ಮೂಳೆ ಕಟ್ಟುವವನಿಂದ ನಾವು ಕೇಳುವ ಲೆಕ್ಕವನ್ನು ಐದೂವರೆ ವರ್ಷ ಓದಿದವರಿಂದ ಕೇಳದಿರುವುದು ವಿಚಿತ್ರ. ಶುರುಮಾಡಲು ಪ್ರಕೃತಿ ಚಿಕಿತ್ಸೆಯೇ ಸುಲಭದ ಜಾಗ, ಕೇಂದ್ರ ಆಯೋಗದ ಪಠ್ಯದ ಕಟ್ಟು ಅದಕ್ಕಿಲ್ಲ, ರಾಜ್ಯ ಮಂಡಳಿ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಸಾಕು. ಸಕ್ಕರೆ ಕಾಯಿಲೆಯ ಎಷ್ಟು ರೋಗಿಗಳ ಉಪವಾಸವನ್ನು ಮೇಲ್ವಿಚಾರಣೆಯಲ್ಲಿ ನಡೆಸಿದ್ದಾರೆ, ಎಷ್ಟು ಜನರನ್ನು ಯಾವ ಲಕ್ಷಣ ಕಂಡು ಬೇರೆ ಆಸ್ಪತ್ರೆಗೆ ಕಳಿಸಿದ್ದಾರೆ ಎಂಬುದು ಪದವಿಯ ಜೊತೆ ನೋಂದಣಿ ಪುಸ್ತಕದಲ್ಲಿ ಸೇರಲಿ. ವಿರೋಧ ಬರುವುದು ವಿದ್ಯಾರ್ಥಿಗಳಿಂದ ಎಂದು ನನಗನ್ನಿಸುವುದಿಲ್ಲ. ಇಂಥ ಲೆಕ್ಕ ಬರೆಯಬೇಕಾದರೆ ಕಾಲೇಜಿನ ಆಸ್ಪತ್ರೆಯಲ್ಲಿ ವರ್ಷವಿಡೀ ರೋಗಿಗಳಿರಬೇಕು. ತಪಾಸಣೆಯ ದಿನ ಮಾತ್ರ ಹಾಸಿಗೆ ತುಂಬಿಸಿಕೊಳ್ಳುವ ಸಂಸ್ಥೆಗಳು ಅದಕ್ಕೆ ಒಪ್ಪುವುದು ಕಷ್ಟ.